ಬೂಟು ಬಿಚ್ಚಿದ ಕಳ್ಳ

ಮೇ ತಿಂಗಳ ಬ್ಯಾಂಕ್ ಹಾಲಿಡೇ ಸೇರಿ ಮೂರು ದಿನದ ರಜೆ ಮುಗಿದ ಮಂಗಳವಾರ. ಬರ್ಮಿಂಗ್‌ಹ್ಯಾಮ್‌ನ ಒಡವೆ ಅಂಗಡಿಗಳ ಬೀದಿಯಲ್ಲಿ, ನೆಲಮಾಳಿಗೆಯ ವಾಲ್ಟ್‌ನ ಮ್ಯಾನೇಜರು ಉಕ್ಕಿನ ಬಾಗಿಲು ತೆಗೆದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಬಾಡಿಗೆ ಲಾಕರುಗಳ ತಗಡಿನ ಪೆಟ್ಟಿಗೆಗಳೆಲ್ಲ ಬಾಯಿ ತೆರೆದು ನೆಲದ ಮೇಲೆ ಬಿದ್ದಿದ್ದವು. ಪಕ್ಕದ ಖಾಲಿ ಕಟ್ಟಡದ ಕಡೆಯ ಗೋಡೆಯಲ್ಲಿ ಮನುಷ್ಯ ನುಸುಳುವಷ್ಟು ದೊಡ್ಡ ತೂತು. ಎಲ್ಲದರ ಮೇಲೂ ಕಾಂಕ್ರೀಟಿನ ಬಿಳಿ ಧೂಳು. ಗುಲಗಂಜಿ ತೂಕದ ಚಿನ್ನವೂ ಉಳಿದಿರಲಿಲ್ಲ. ಅಲಾರಂ ಮಾತ್ರ ಮೂರು ದಿನವೂ ಹಾಲು ಕುಡಿದ ಮಗುವಿನಂತೆ ಮಲಗಿತ್ತು.

ಸುದ್ದಿ ಅದೇ ಊರಿನ ಹಾರ್ಬೋರ್ನ್ ಬಡಾವಣೆಗೆ ತಲುಪಿದಾಗ ನೇತ್ರಾ ಆಸ್ಪತ್ರೆಯಿಂದ ಮನೆಗೆ ನಡೆದು ಹೋಗುತ್ತಿದ್ದಳು. ಆಕೆ ಅರಿವಳಿಕೆ ಡಾಕ್ಟರು. ಬೇರೆಯವರನ್ನು ಮಲಗಿಸುವುದು ಆಕೆಯ ಕಸುಬು, ಸ್ವಂತ ನಿದ್ದೆಗೆ ಮಾತ್ರ ಸದಾ ಬರ. ರಾತ್ರಿ ಪಾಳಿ ಮುಗಿದ ಬೆಳಗುಗಳಲ್ಲಿ ಲೋಕವೆಲ್ಲ ಆಕೆಗೆ ಅರ್ಧ ಕನಸಾಗಿ ಕಾಣುತ್ತಿತ್ತು. ಅವತ್ತೂ ಹಾಗೆಯೇ. ರಸ್ತೆಯ ಎರಡೂ ಬದಿ ಚೆರ್ರಿ ಮರಗಳು ಹೂ ಉದುರಿಸುತ್ತಿದ್ದವು. ನಿಂತ ಕಾರುಗಳ ಮೇಲೆ, ಕಸದ ಡಬ್ಬಿಗಳ ಮೇಲೆ, ಆಕೆಯ ಹೆಗಲ ಮೇಲೆ ಗುಲಾಬಿ ಪಕಳೆ. ಫೋನಿನಲ್ಲಿ ಶರಣನ ದನಿ ನೀರಿನಡಿಯಿಂದ ಬಂದ ಹಾಗೆ ಕೇಳಿತು.

"ಅಕ್ಕಾ, ವಾಲ್ಟ್ ಒಡದಾರ. ನಿಮ್ಮ ಅತ್ತಿಯವರ ಲಾಕರ್ನೂ ಹೋಗ್ಯದ."

ಶರಣ್ ನೇತ್ರಾಳ ಚಿಕ್ಕಮ್ಮನ ಒಬ್ಬನೇ ಮಗ. ಓದು ಮುಗಿಸಿ ಅದೇ ವಾಲ್ಟ್‌ನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಆ ಕೆಲಸದ ಮೇಲೆಯೇ ಅವನ ವೀಸಾ ನಿಂತಿತ್ತು.

ಮನೆಯಲ್ಲಿ ಅತ್ತೆ ಬಸಮ್ಮ ಸುದ್ದಿ ಕೇಳಿ ಕುರ್ಚಿಯಲ್ಲಿ ಕುಳಿತರು. ಮದುವೆಯ ಬಂಗಾರ, ತವರಿನ ಬಂಗಾರ ಎಲ್ಲ ಆ ಲಾಕರಿನಲ್ಲೇ ಇತ್ತು. ಅದರ ಬಗ್ಗೆ ಆಕೆ ತುಟಿ ಬಿಚ್ಚಲಿಲ್ಲ. ಕೇಳಿದ್ದು ಒಂದೇ, ಬೆಳ್ಳಿ ಕರಡಿಗೆ ಏನಾಯಿತು ಎಂದು.

ಆ ಪುಟ್ಟ ಕರಡಿಗೆಯೊಳಗೆ ಇದ್ದದ್ದು ಗಂಡ ಕರಬಸಪ್ಪನವರ ಇಷ್ಟಲಿಂಗ. ಜೀವಮಾನವಿಡೀ ಅವರು ಕೊರಳಲ್ಲಿ ಕಟ್ಟಿಕೊಂಡಿದ್ದದ್ದು. ಲಿಂಗವಂತರು ತೀರಿಕೊಂಡರೆ ಲಿಂಗವನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಕರಬಸಪ್ಪ ಹೋದದ್ದು ಕೋವಿಡ್ ವರ್ಷ. ಮನೆಯವರು ಬರುವ ಮೊದಲೇ ಶವಪೆಟ್ಟಿಗೆ ಮುಚ್ಚಿ ಆಗಿತ್ತು. ಕರಡಿಗೆ ಮಾತ್ರ ಆಮೇಲೆ ಆಸ್ಪತ್ರೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ, ಕನ್ನಡಕದ ಜೊತೆ ಮನೆಗೆ ಬಂತು. ಕಣ್ಣೆದುರು ಇಟ್ಟುಕೊಳ್ಳಲಾರದೆ ಬಸಮ್ಮ ಅದನ್ನು ಲಾಕರಿನಲ್ಲಿಟ್ಟಿದ್ದರು. ತನ್ನ ದಿನ ಬಂದಾಗ ತನ್ನ ಲಿಂಗದ ಜೊತೆ ಅದನ್ನೂ ಕೈಯಲ್ಲಿಡಿ ಎಂದು ಮಗನಿಗೆ ಹೇಳಿಟ್ಟಿದ್ದರು.

ಆ ಮಗ ಹರ್ಷ, ನೇತ್ರಾಳ ಗಂಡ, ವಾರವೆಲ್ಲ ಮ್ಯಾಕಲ್ಸ್‌ಫೀಲ್ಡ್‌ನ ಔಷಧ ಕಾರ್ಖಾನೆಯಲ್ಲಿರುತ್ತಿದ್ದ. ಅಲ್ಲಿಂದಲೇ ಫೋನು ಮಾಡಿ, ಲಾಕರಿಗೆ ಇನ್ಶೂರೆನ್ಸ್ ಇತ್ತಲ್ಲ ಎಂದು ಕೇಳಿದ. ಇರಲಿಲ್ಲ.

*

ಮರುದಿನ ಡಿಟೆಕ್ಟಿವ್ ಸಾರ್ಜೆಂಟ್ ಬಾಯ್ಡ್ ಮನೆಗೆ ಬಂದಳು. ನಲವತ್ತರ ಹೆಂಗಸು, ನಿಧಾನದ ಮಾತು. ಚಹಾ ಕುಡಿಯುತ್ತ ಮೇಜಿನ ಮೇಲೆ ಒಂದು ಫೋಟೋ ಇಟ್ಟಳು. ಲಾಕರುಗಳ ಸಾಲಿನ ತೀರ ಮೇಲೆ, ಕೈಗೆಟುಕುವ ಎತ್ತರದ ಕೊನೆಯಲ್ಲಿ, ಯಾರದೋ ಒಡವೆ ಸುತ್ತಿದ್ದ ಹೊಸ ರೇಷ್ಮೆ ಕುಪ್ಪಸದ ಬಟ್ಟೆ ನಾಲ್ಕು ಮಡಿಕೆಯಾಗಿ ಹಾಸಿತ್ತು. ಅದರ ನಡುವೆ ಒಂದು ಕಪ್ಪು ಗುಂಡು. ಕರಡಿಗೆ ಇರಲಿಲ್ಲ.

ಇನ್ನೂ ಒಂದು ಫೋಟೋ ಇತ್ತು. ಅದು ಆ ಸಾಲಿನ ಕೆಳಗಿನ ನೆಲ. ಧೂಳಿನ ತುಂಬ ಬೂಟಿನ ಗುರುತು. ಆ ಒಂದು ಕಡೆ ಮಾತ್ರ ಒಂದು ಜೊತೆ ಕಾಲುಚೀಲದ ಗುರುತು. ಅಲ್ಲಿ ಯಾರೋ ಬೂಟು ಬಿಚ್ಚಿ ನಿಂತಿದ್ದರು. ಇದು ಗ್ಯಾಂಗಿನ ಸಹಿಯೇ, ನಮ್ಮನ್ನು ಅಣಕಿಸಲು ಬಿಟ್ಟುಹೋದದ್ದೇ ಎಂದು ಬಾಯ್ಡ್ ಕೇಳಿದಳು.

ನೇತ್ರಾಳಿಗೆ ನಿದ್ದೆಗಣ್ಣಿನಲ್ಲೂ ಥಟ್ಟನೆ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಳ್ಳುವ ಅಭ್ಯಾಸ ಜಾಣರಿಗೆ ಕಡಿಮೆ. ಅದು ಕಲ್ಲಲ್ಲ, ನಮ್ಮ ಮಾವನವರ ಇಷ್ಟಲಿಂಗ ಎಂದಳು. ನೆಲದ ಮೇಲೆ ಇಡುವಂತಿಲ್ಲ, ಅದಕ್ಕೆ ಎತ್ತರದಲ್ಲಿಟ್ಟಿದ್ದಾನೆ. ಬೂಟುಗಾಲಲ್ಲಿ ದೇವರನ್ನು ಎತ್ತುವಂತಿಲ್ಲ, ಅದಕ್ಕೆ ಬೂಟು ಬಿಚ್ಚಿದ್ದಾನೆ. ಗೋಡೆ ಕೊರೆದವರು ಯಾರೇ ಇರಲಿ, ಅವರ ಜೊತೆ ಇದ್ದ ಒಬ್ಬ ನಮ್ಮವನು. ದಯವಿಟ್ಟು ಅದನ್ನು ನಿಮ್ಮವರು ಯಾರೂ ಕೈಯಿಂದ ಮುಟ್ಟಬೇಡಿ, ಬಟ್ಟೆಯ ಸಮೇತ ಎತ್ತಿಡಿ ಎಂದೂ ಕೇಳಿಕೊಂಡಳು. ಬಾಯ್ಡ್ ಒಪ್ಪಿದಳು. ಆಮೇಲೆ ತಣ್ಣಗೆ ಕೇಳಿದಳು.

"ವಾಲ್ಟ್‌ನಲ್ಲಿ ಕೆಲಸ ಮಾಡುವವರಲ್ಲಿ ಇದನ್ನು ಕೊರಳಲ್ಲಿ ಕಟ್ಟಿಕೊಂಡವರು ಯಾರಾದರೂ ಇದ್ದಾರಾ?"

ಶರಣನ ಕೊರಳಿನ ಕರಡಿಗೆ ನೇತ್ರಾಳ ಕಣ್ಣ ಮುಂದೆ ಬಂತು. ಬಾಯ್ಡ್‌ಗೆ ಉತ್ತರ ಬೇಕಿರಲಿಲ್ಲ, ಮುಖ ಸಾಕಾಯಿತು. ಅವತ್ತು ಸಂಜೆಯೇ ಶರಣನನ್ನು ಹಿಡಿದುಕೊಂಡು ಹೋದರು.

*

ಪೊಲೀಸರು ಅವನನ್ನು ವಿಚಾರಿಸಿ ಜಾಮೀನಿನ ಮೇಲೆ ಬಿಟ್ಟರು. ಪಾಸ್‌ಪೋರ್ಟ್ ಇಟ್ಟುಕೊಂಡರು. ಕಂಪನಿ ಅವನನ್ನು ಕೆಲಸದಿಂದ ದೂರವಿಟ್ಟಿತು. ಮೊಕದ್ದಮೆ ಬಿದ್ದರೆ ಕೆಲಸ ಹೋಯಿತು, ಕೆಲಸದ ಹಿಂದೆ ವೀಸಾ ಹೋಯಿತು, ಮಾನ ಎಲ್ಲಕ್ಕಿಂತ ಮುಂಚೆಯೇ ಹೋಗಿತ್ತು. ಬಿಟ್ಟ ದಿನ ಶರಣ್ ನೇರ ನೇತ್ರಾಳ ಮನೆಗೆ ಬಂದು ಬಾಗಿಲಲ್ಲೇ ನಿಂತ.

"ನಾ ಮಾಡಿಲ್ಲಕ್ಕಾ."

ನೇತ್ರಾ ಅವನ ಮುಖ ನೋಡಿದಳು. ಆಪರೇಷನ್ ಟೇಬಲ್ಲಿನ ಮೇಲೆ ದಿನವೂ ಎಷ್ಟೋ ಮುಖ ನೋಡುವ ಹೆಂಗಸು. ಆದರೂ ಆಕೆಯ ಬಾಯಿಂದ ಬಂದದ್ದು, "ಖರೇ ಹೇಳೋ" ಎಂಬ ಮಾತು. ಒಳಗೆ ಬಸಮ್ಮ ಮುಖ ತಿರುಗಿಸಿ ಕುಳಿತಿದ್ದರು. ಶರಣ್ ಹೂ ಬಿದ್ದ ರಸ್ತೆಯಲ್ಲಿ ತಲೆ ತಗ್ಗಿಸಿ ನಡೆದು ಹೋದ. ಅವನ ಬೆನ್ನು ಮರೆಯಾಗುವವರೆಗೂ ನೇತ್ರಾ ನಿಂತಿದ್ದಳು, ಕರೆಯಲು ಮಾತ್ರ ಆಗಲಿಲ್ಲ.

ಮುಂದಿನ ಭಾನುವಾರ ಕನ್ನಡದವರೆಲ್ಲ ಚರ್ಚಿನ ಪಕ್ಕದ ಬಾಡಿಗೆ ಸಭಾಂಗಣದಲ್ಲಿ ಸೇರಿದರು. ಎತ್ತರದ ಬಣ್ಣದ ಗಾಜಿನ ಕಿಟಕಿಗಳಿಂದ ಬಿಸಿಲು ಬಿದ್ದು, ಅಳುವವರ ಕೆನ್ನೆಯ ಮೇಲೂ ನೀಲಿ, ಕೆಂಪು. ಎಲ್ಲರ ಕಥೆಯೂ ಒಂದೇ. ಮನೆಯಲ್ಲಿ ಚಿನ್ನವಿದ್ದರೆ ಕಳ್ಳರು ಬರುತ್ತಾರೆಂದು ಹೆದರಿ ಲಾಕರು ಹಿಡಿದಿದ್ದರು. ಮನೆಯ ಇನ್ಶೂರೆನ್ಸು ಮನೆಯ ಹೊಸ್ತಿಲಲ್ಲೇ ಮುಗಿಯುತ್ತಿತ್ತು. ವಾಲ್ಟ್‌ನವರ ಕರಾರಿನ ಸಣ್ಣ ಅಕ್ಷರದಲ್ಲಿ, ಒಳಗಿಟ್ಟ ವಸ್ತುವಿಗೆ ನಾವು ಜವಾಬ್ದಾರರಲ್ಲ ಎಂದಿತ್ತು. ಬೇಕಾದವರು ಬೇರೆ ವಿಮೆ ಮಾಡಿಸಬಹುದಿತ್ತು. ಉಕ್ಕಿನ ಬಾಗಿಲಿಗೆ ವಿಮೆ ಯಾಕೆ ಎಂದು ಯಾರೂ ಮಾಡಿಸಿರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಹಾಗೆ, ಈಗ ಒಬ್ಬೊಬ್ಬರೂ ಕರಾರು ಹಿಡಿದು ಓದುತ್ತಿದ್ದರು.

ಎಲ್ಲರನ್ನೂ ಸಮಾಧಾನ ಮಾಡುತ್ತ ಓಡಾಡುತ್ತಿದ್ದವರು ಉಮಾಶಂಕರ. ಬೆಂಗಳೂರಿನವರು, ಎಂಜಿನಿಯರ್, ಸಂಘದ ಕಾರ್ಯದರ್ಶಿ. ಯಾರ ಮನೆಯ ಬಾಯ್ಲರ್ ಕೆಟ್ಟರೂ ಮೊದಲು ಫೋನು ಹೋಗುತ್ತಿದ್ದದ್ದು ಅವರಿಗೆ. ಆ ವಾಲ್ಟ್‌ಗೆ ಅಲಾರಂ ಕೂಡಿಸಿದ್ದು ಅವರ ಕಂಪನಿ. ನಾನೇ ಕೂಡಿಸಿದ್ದೀನಿ, ಕಣ್ಮುಚ್ಚಿ ಇಡಿ ಎಂದು ಅವರು ಹೇಳಿದ್ದಕ್ಕೇ ಅರ್ಧ ಜನ ಅಲ್ಲಿ ಲಾಕರು ಹಿಡಿದಿದ್ದರು. ತಮ್ಮ ಹೆಂಡತಿಯ ಚಿನ್ನವೂ ಹೋಯಿತು ಎನ್ನುತ್ತಿದ್ದರು.

ಡಿಡ್ಸ್‌ಬರಿಯ ನೆಂಟರ ಮನೆ ಸೀಮಂತಕ್ಕೆ ಹೆಂಡತಿ ಹಾಕಿಕೊಂಡು ಹೋಗಿದ್ದ ಚಿನ್ನವನ್ನು, ರಜೆ ಶುರುವಾಗುವ ಶುಕ್ರವಾರ ಮಧ್ಯಾಹ್ನ ತಾನೇ ಹೋಗಿ ಇಟ್ಟು ಬಂದೆ ಎಂದು ಉಮಾಶಂಕರ ಎಲ್ಲರೆದುರು ಹೇಳಿದರು. ವಾಲ್ಟ್‌ನ ಕ್ಯಾಮೆರಾದಲ್ಲಿ ನನ್ನನ್ನು ಕಂಡು ಪೊಲೀಸರು ನನ್ನನ್ನೂ ಕೇಳಿದರು ನೋಡಿ ಎಂದು ಸಣ್ಣಗೆ ನಕ್ಕರು. ಹೊರಡುವಾಗ ನೇತ್ರಾಳ ಹತ್ತಿರ ಬಂದು, ನಿಮ್ಮ ತಮ್ಮನಿಗೆ ಒಳ್ಳೆಯ ವಕೀಲರನ್ನು ನಾನೇ ನೋಡುತ್ತೇನೆ, ವಯಸ್ಸಿನ ಹುಡುಗ, ಯಾರೋ ದಾರಿ ತಪ್ಪಿಸಿರಬೇಕು ಎಂದರು. ಆ ಮೆತ್ತಗಿನ ಮಾತಿಗೆ ನೇತ್ರಾಳಿಗೆ ಅಳು ಬಂತು.

*

ಮನೆಗೆ ಬಂದಾಗ ಬಸಮ್ಮ ಪೂಜೆ ಮುಗಿಸಿ ಕುಳಿತಿದ್ದರು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ವಾರದಿಂದ ಸೊಸೆಯ ಜೊತೆ ಅವರ ಮಾತು ಅಷ್ಟಕ್ಕಷ್ಟೇ ಇತ್ತು. ಅವತ್ತು ಮಾತ್ರ ತಾವಾಗಿಯೇ ಬಾಯಿ ತೆರೆದರು.

"ಇಷ್ಟು ವರ್ಷ ಸಂಸಾರ ಮಾಡಿದೆ. ಅವರ ಲಿಂಗ ನಾ ಒಂದು ದಿನ ಮುಟ್ಟಿಲ್ಲವ್ವಾ. ಗುರು ಕಟ್ಟಿದ ಮ್ಯಾಲೆ ಅದು ಅವರದ. ದವಾಖಾನಿಂದ ಬಂದ ಮ್ಯಾಲೂ ಕರಡಿಗಿ ಬಿಚ್ಚಿ ನೋಡಿಲ್ಲ. ನಾ ಮುಟ್ಟದ್ದನ್ನ ಆ ಹುಡುಗ ಹೆಂಗ ಮುಟ್ಟಿದ?"

ನೇತ್ರಾ ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತಳು. ಕಿಟಕಿಯಾಚೆ ಮಂಜು ಇಳಿದು ತೋಟದ ಬೇಲಿ ಮಸುಕಾಗಿತ್ತು. ಎಷ್ಟೋ ದಿನದ ಮಂಪರು ಮಾತ್ರ ಆಗ ಸರಿಯಿತು. ಈ ಸಂಗತಿ ತನಗೂ ಗೊತ್ತಿತ್ತು. ಧಾರವಾಡದ ಮನೆಯಲ್ಲಿ ಅಪ್ಪನ ಕರಡಿಗೆಯನ್ನು ಆಕೆಯೂ ಮುಟ್ಟಿದವಳಲ್ಲ. ಮೆಡಿಕಲ್ ಓದಿಗೆ ಸೇರಿದ ಮೇಲೆ ತನ್ನ ಲಿಂಗವನ್ನು ಪೆಟ್ಟಿಗೆಯಲ್ಲಿಟ್ಟು ಮರೆತವಳು, ಜೊತೆಗೆ ಇದನ್ನೂ ಮರೆತಿದ್ದಳು. ಇಂಗ್ಲಿಷ್ ಪೊಲೀಸರಿಗೆ ನಮ್ಮವರ ರೀತಿ ವಿವರಿಸಲು ಹೋದವಳು ಅರ್ಧ ಮಾತ್ರ ವಿವರಿಸಿದ್ದಳು.

ನಿಂತಲ್ಲೇ ಬಾಯ್ಡ್‌ಗೆ ಫೋನು ಮಾಡಿದಳು. ಶರಣ್ ಲಿಂಗ ಕಟ್ಟಿದ ಮನೆಯಲ್ಲಿ ಬೆಳೆದವನು, ಕರಡಿಗೆ ಕಂಡರೆ ಬಿಚ್ಚುವವನೇ ಅಲ್ಲ, ಇದ್ದಲ್ಲೇ ಬಿಟ್ಟು ದೂರ ಸರಿಯುವವನು ಎಂದಳು. ಕಳ್ಳ ಎಂದ ಮೇಲೆ ಒಂದು ನಿಯಮ ಮುರಿಯಬಾರದೇ ಎಂದು ಬಾಯ್ಡ್ ಕೇಳಿದಳು.

"ಮುರಿಯುವವನು ಬೂಟು ಬಿಚ್ಚುತ್ತಿರಲಿಲ್ಲ," ಎಂದಳು ನೇತ್ರಾ. "ಬೂಟು ಬಿಚ್ಚುವಷ್ಟು ಭಯ ಇದ್ದವನು ಇನ್ನೊಬ್ಬರ ಲಿಂಗ ಮುಟ್ಟುತ್ತಿರಲಿಲ್ಲ. ಎರಡೂ ಮಾಡಿದ್ದಾನೆ ಅಂದರೆ ಆ ನಿಯಮವೇ ಅವನಿಗೆ ಗೊತ್ತಿಲ್ಲ."

ಬೇರೆ ದೇಶದವನಿಗೆ, ಬೇರೆ ರಾಜ್ಯದವನಿಗೂ, ಅದು ಬರೀ ಕಪ್ಪು ಗುಂಡು ಎಂದು ಬಿಡಿಸಿ ಹೇಳಿದಳು. ಅದು ದೇವರೆಂದು ಗುರುತು ಹಿಡಿಯಲು ನಮ್ಮ ನಾಡಿನಲ್ಲಿ, ಲಿಂಗವಂತರ ನೆರೆಹೊರೆಯಲ್ಲಿ ಬೆಳೆದಿರಬೇಕು. ಮುಟ್ಟಬಾರದೆಂದು ತಿಳಿಯದಿರಲು ಲಿಂಗ ಕಟ್ಟದ ಮನೆಯವನಾಗಿರಬೇಕು. ಮತ್ತೊಂದು ಮಾತು. ಬೂಟನ್ನೇ ಬಿಚ್ಚಿದವನು ದೇವರನ್ನು ಎತ್ತುವಾಗ ಚರ್ಮದ ಕೈಗವಸು ಹಾಕಿಕೊಂಡಿರುತ್ತಾನೆಯೇ? ಆ ಲಿಂಗದ ಮೇಲೆ ಬರಿಗೈಯ ಬೆರಳಿನ ಗುರುತು ಇರಬೇಕು.

ಎಲ್ಲ ಕಡೆಯೂ ಕೈಗವಸಿನ ಗುರುತೇ ಇದ್ದುದರಿಂದ, ನೇತ್ರಾ ಬೇರೆ ಕೇಳಿಕೊಂಡಿದ್ದರಿಂದ, ಅದೊಂದನ್ನು ಪೊಲೀಸರು ಪರೀಕ್ಷೆಗೆ ಹಾಕಿರಲಿಲ್ಲ. ಈಗ ಹಾಕಬಹುದು, ಆದರೆ ಅದರ ಮೇಲೆ ಪುಡಿ ಸವರಬೇಕಾಗುತ್ತದೆ. ಮನೆಯವರ ಒಪ್ಪಿಗೆ ಇದ್ದರೆ ಒಳ್ಳೆಯದು ಎಂದಳು ಬಾಯ್ಡ್.

ನೇತ್ರಾ ಹೋಗಿ ಅತ್ತೆಯ ಹತ್ತಿರ ಕುಳಿತಳು. ಪೊಲೀಸರು ಮಾವನ ಲಿಂಗಕ್ಕೆ ಪುಡಿ ಬಳಿಯುತ್ತಾರಂತೆ ಎಂದು ಯಾವ ಸೊಸೆ ಹೇಳಿಯಾಳು? ಹೇಳಿದಳು. ಬಸಮ್ಮ ಯಾವ ಬಣ್ಣದ ಪುಡಿ ಎಂದು ಕೇಳಿದರು. ಬಿಳಿ ಎಂದಳು ನೇತ್ರಾ.

"ಬಿಳಿ ಪುಡಿ ಅಂದ್ರ ವಿಭೂತಿ ಇದ್ದಂಗನ. ಸವರ್ಲಿ," ಎಂದರು ಬಸಮ್ಮ. "ಆ ಹುಡುಗಂದು ತಪ್ಪಿಲ್ಲಂದ್ರ ಅವರೂ ಬ್ಯಾಡ ಅನ್ನೂದಿಲ್ಲ."

*

ಬೆರಳಿನ ಗುರುತು ಸಿಕ್ಕಿತು. ಶರಣನದಲ್ಲ. ಪೊಲೀಸರ ಹಳೆಯ ಕಡತದ ಯಾವ ಕಳ್ಳನದೂ ಅಲ್ಲ. ಹಾಗಾದರೆ ಯಾರದು?

ಶುಕ್ರವಾರ ಸಂಜೆ ನೇತ್ರಾ ಉಮಾಶಂಕರರ ಮನೆಗೆ ಹೋದಳು. ಯಾರ ಮೇಲೂ ಅನುಮಾನ ಇಟ್ಟುಕೊಂಡು ಹೋದವಳಲ್ಲ. ವಕೀಲರ ಫೋನ್ ನಂಬರು ಬೇಕಿತ್ತು. ಉಮಾಶಂಕರ ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಲೀಲಾವತಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಮನೆಯೆಲ್ಲ ಸಾಂಬ್ರಾಣಿ ಹೊಗೆ ಹಾಕಿದ್ದರು. ಆ ತೆಳುಹೊಗೆಯಲ್ಲಿ ಸೋಫಾ, ಟೀವಿ ಎಲ್ಲ ತೇಲುವಂತೆ ಕಾಣುತ್ತಿದ್ದವು. ಕುಂಕುಮ ಕೊಟ್ಟರು, ಕಾಫಿ ಕೊಟ್ಟರು. ಎದ್ದು ಹೊರಡುವಾಗ ನೇತ್ರಾಳಿಗೆ ಮನೆಯಲ್ಲಿ ಮೊಸರು ಮುಗಿದದ್ದು ನೆನಪಾಗಿ, ಒಂದು ಚಮಚ ಹೆಪ್ಪು ಕೊಡಿ ಎಂದಳು.

ಲೀಲಾವತಿ ಮುಜುಗರದಿಂದ ನಕ್ಕರು.

"ಇವತ್ತು ಶುಕ್ರವಾರ ಕಣ್ರೀ. ಬೇಜಾರು ಮಾಡ್ಕೋಬೇಡಿ, ನಾಳೆ ನಾನೇ ತಂದುಕೊಡ್ತೀನಿ. ಶುಕ್ರವಾರ ನಾವು ಹೆಪ್ಪೂ ಆಚೆ ಕೊಡಲ್ಲ, ಉಪ್ಪೂ ಕೊಡಲ್ಲ."

ನೇತ್ರಾ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಆದಷ್ಟು ಮೆಲ್ಲಗೆ ಕೇಳಿದಳು.

"ಹಾಗಾದ್ರೆ ಅವತ್ತು ಚಿನ್ನ?"

"ಚಿನ್ನ ಬುಧವಾರವೇ ಕೊಟ್ಟೆ, ಅವತ್ತೇ ಲಾಕರಿಗೆ ಇಡ್ತೀನಿ ಅಂತ ತಗೊಂಡು ಹೋದ್ರು. ಕುಂಕುಮ ಇಟ್ಟು, ನಾನೇ ಅವರ ಕೈಗೆ ಕೊಟ್ಟೆ. ಶುಕ್ರವಾರ ಯಾರಾದ್ರೂ ಲಕ್ಷ್ಮೀನ ಮನೆಯಿಂದ ಆಚೆ ಕಳಿಸ್ತಾರಾ?"

ಹೊರಗೆ ಬಂದ ನೇತ್ರಾ ಗೇಟು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಒಂದು ಚಮಚ ಹೆಪ್ಪು ಕೊಡದ ಆ ಹೆಂಗಸು ಸಂಸಾರವನ್ನೇ ತನ್ನ ಕೈಗೆ ಕೊಟ್ಟಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ಇದನ್ನು ಮರೆತುಬಿಡಬೇಕು ಅನ್ನಿಸಿತು. ರಸ್ತೆಯಲ್ಲಿ ನಡೆದು ಹೋದ ಶರಣನ ಬೆನ್ನು ಕಣ್ಣ ಮುಂದೆ ಬಂತು. ಫೋನು ತೆಗೆದು ಬಾಯ್ಡ್‌ಗೆ ಕರೆ ಮಾಡಿದಳು.

*

ಭಾನುವಾರ ಮತ್ತೆ ಅದೇ ಸಭಾಂಗಣ. ಹೊಂದಿಸಿ ನೋಡಲು ಲಾಕರು ಕಳೆದುಕೊಂಡವರೆಲ್ಲ ಬೆರಳಿನ ಗುರುತು ಕೊಡಬೇಕೆಂದು ಬಾಯ್ಡ್ ಮೊದಲೇ ತಿಳಿಸಿದ್ದಳು. ಕಳೆದುಕೊಂಡವನು ಬೆರಳು ಕೊಡುವುದಿಲ್ಲ ಎಂದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ. ಉಮಾಶಂಕರರೂ ಶನಿವಾರ ಕೊಟ್ಟು ಬಂದಿದ್ದರು. ಈಗ ಬಾಯ್ಡ್ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ಜನರಿಗೆ ನಿಮ್ಮ ಭಾಷೆಯಲ್ಲೇ ಹೇಳಿ ಎಂದು ನೇತ್ರಾಳಿಗೆ ಸನ್ನೆ ಮಾಡಿದಳು.

ನೇತ್ರಾ ಎದ್ದು ನಿಂತು ಹೇಳಿದಳು. ಬೂಟು ಬಿಚ್ಚಿದ್ದರಿಂದ ಕಳ್ಳ ನಮ್ಮ ನಾಡಿನವನೆಂದು ತಿಳಿಯಿತು. ಕರಡಿಗೆ ಬಿಚ್ಚಿ ಲಿಂಗ ಮುಟ್ಟಿದ್ದರಿಂದ ಶರಣನಲ್ಲವೆಂದು ತಿಳಿಯಿತು. ವಾಲ್ಟ್‌ನ ಅಲಾರಂ ಮಲಗಿಸಬಲ್ಲವರು ಇಬ್ಬರೇ, ಒಬ್ಬ ಶರಣ್, ಇನ್ನೊಬ್ಬರು ಅದನ್ನು ಕೂಡಿಸಿದವರು. ಆ ಇನ್ನೊಬ್ಬರು ಶುಕ್ರವಾರ ಹೆಂಡತಿಯ ಚಿನ್ನ ಇಡಲು ಹೋಗಿದ್ದೆ ಎಂದರು. ಅವರ ಮನೆಯಿಂದ ಶುಕ್ರವಾರ ಒಂದು ಚಮಚ ಮೊಸರೂ ಆಚೆ ಹೋಗುವುದಿಲ್ಲ. ಅವತ್ತು ಅವರು ಹೋದದ್ದು ಒಳಗಿನ ಸೆನ್ಸರುಗಳನ್ನು ಕುರುಡು ಮಾಡಲು. ಬೇಲಿಯೇ ಎದ್ದು ಹೊಲ ಮೇಯಿತು. ಲಿಂಗದ ಮೇಲಿದ್ದ ಬೆರಳೂ ಅವರದೇ ಎಂದು ಬೆಳಿಗ್ಗೆ ಗೊತ್ತಾಗಿದೆ.

ಬಣ್ಣದ ಬಿಸಿಲು ನೆಲದ ಮೇಲೆ ಮೆಲ್ಲಗೆ ಜರುಗುತ್ತಿತ್ತು. ಉಮಾಶಂಕರ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟರು. ಅವರು ಜಗಳವಾಡಲಿಲ್ಲ. ಷೇರು ವ್ಯಾಪಾರದಲ್ಲಿ ಮನೆಯನ್ನೇ ಮುಳುಗಿಸಿಕೊಂಡದ್ದು, ಗ್ಯಾಂಗಿನವರು ಹುಡುಕಿಕೊಂಡು ಬಂದದ್ದು, ಅಲಾರಂ ಕೂಗಿದರೆ ನೀನೂ ಸಿಕ್ಕಿಬೀಳು ಎಂದು ಅವರನ್ನೂ ಒಳಗೆ ಕರೆದೊಯ್ದದ್ದು, ಎಲ್ಲ ತಗ್ಗಿದ ದನಿಯಲ್ಲಿ ಹೇಳಿದರು.

"ಬೆಳ್ಳಿ ಡಬ್ಬಿ ಅಂತ ತೆಗೆದೆ. ಒಳಗಿಂದ ಜಾರಿ ನನ್ನ ಬೂಟಿನ ಮೇಲೆ ಬಿತ್ತು. ದೇವರಿಗೆ ಬೂಟು ತಾಕಿಬಿಡ್ತಲ್ಲ ಅಂತ ಕೈಕಾಲು ನಡುಗಿತು. ಬೂಟು, ಕೈಗವಸು ಬಿಚ್ಚಿದೆ, ಎತ್ತಿ ಮೇಲಿಟ್ಟೆ. ಅವರೆಲ್ಲ ನಗ್ತಿದ್ರು."

ದೇವರಿಗೆ ಬೂಟು ತಾಕಿದ್ದಕ್ಕೆ ನಡುಗಿದವರಿಗೆ, ಒಬ್ಬ ಹುಡುಗನ ತಲೆಯ ಮೇಲೆ ಕಲ್ಲು ಎತ್ತಿ ಹಾಕುವಾಗ ಕೈ ನಡುಗಿರಲಿಲ್ಲ. ಲೀಲಾವತಿ ಗಂಡನನ್ನು ಬೈಯಲಿಲ್ಲ, ಅಳಲಿಲ್ಲ. ಬುಧವಾರ ಕುಂಕುಮ ಇಟ್ಟು ಕೊಟ್ಟದ್ದು ಎಲ್ಲಿದೆ ಎಂದಷ್ಟೇ ಕೇಳಿದರು. ಅದನ್ನೂ ಅವರು ಮೊದಲೇ ಮಾರಿದ್ದರು. ಉಳಿದವರ ಚಿನ್ನವೂ ಎಲ್ಲೋ ಕರಗಿ ಗಟ್ಟಿಯಾಗಿ ಹೋಗಿತ್ತು. ಕಳ್ಳ ಸಿಕ್ಕ, ಬಳೆ ಸಿಗಲಿಲ್ಲ ಎಂದು ಜನ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಲೀಲಾವತಿಯ ಪಕ್ಕದ ಕುರ್ಚಿಯಲ್ಲಿ ಬಸಮ್ಮ ಮಾತ್ರ ಕತ್ತಲಾಗುವವರೆಗೆ ಕುಳಿತಿದ್ದರು.

*

ಶರಣನ ಪಾಸ್‌ಪೋರ್ಟ್ ವಾಪಸ್ಸು ಬಂತು. ಕೆಲಸಕ್ಕೂ ಕರೆ ಬಂತು. ಮೊಕದ್ದಮೆ ಮುಗಿದ ಕೂಡಲೇ ಲಿಂಗವನ್ನೂ ಬಟ್ಟೆಯ ಸಮೇತ ತಂದುಕೊಡುವೆ ಎಂದು ಬಾಯ್ಡ್ ಬಸಮ್ಮನವರಿಗೆ ಮಾತು ಕೊಟ್ಟಳು. ನೇತ್ರಾ ತಾನೇ ಹೋಗಿ ಅವನನ್ನು ಊಟಕ್ಕೆ ಕರೆತಂದಳು. ಬಸಮ್ಮ ಬಿಸಿ ರೊಟ್ಟಿ, ಎಣಗಾಯಿ ಪಲ್ಯ ಬಡಿಸಿ, ತಪ್ಪಾತಪ್ಪಾ ಎಂದು ಅವನ ತಲೆ ಸವರಿದರು. ಇರಲಿ ಬಿಡ್ರಿ ಎಂದ ಶರಣ್. ಆದರೆ ತುತ್ತು ಮುರಿಯಲಿಲ್ಲ. ನೇತ್ರಾಳ ಕಡೆ ತಿರುಗಿದ.

"ಅಕ್ಕಾ, ಅತ್ತಿಯವರು ಅವತ್ತ ಆ ಮಾತು ಆಡದಿದ್ರ, ನೀ ನನ್ನ ನಂಬತಿದ್ದಿಯೇನು?"

ನೇತ್ರಾಳ ನಾಲಿಗೆಯ ತುದಿಯಲ್ಲಿ ಸಿದ್ಧ ಉತ್ತರವಿತ್ತು. ಏನೂ ಆಗುವುದಿಲ್ಲ, ಕಣ್ಣು ಮುಚ್ಚಿ ಎಂದು ದಿನವೂ ಹೇಳುವ ಬಾಯಿ ಅದು. ಆದರೆ ಅವನ ಕಣ್ಣು ಎಚ್ಚರವಾಗಿದ್ದವು, ಆಕೆಯವೂ.

"ಇಲ್ಲೋ ತಮ್ಮಾ," ಎಂದಳು. "ನಂಬತಿದ್ದಿಲ್ಲ."

ಶರಣ್ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ರೊಟ್ಟಿ ಮುರಿದ.

"ಸುಳ್ಳ ಹೇಳಿದ್ರ ಎದ್ದು ಹೋಗತಿದ್ದೆ," ಎಂದ.